ಹನ್ನೊಂದನೆಯ ಜೆರ್ಸಿ

ನಮ್ಮ ಫುಟ್‌ಬಾಲ್ ತಂಡದ ಕೋಚ್ ಸ್ವೀಡನ್ನಿನವರು, ಐವತ್ತು ದಾಟಿದ ಹೆಂಗಸು. ನಮ್ಮಲ್ಲಿ ಯಾರ ಹೆಸರೂ ಅವರ ನಾಲಿಗೆಯಲ್ಲಿ ಸರಿಯಾಗಿ ಹೊರಳುತ್ತಿರಲಿಲ್ಲ. ಹಾಗಾಗಿ ಶುಕ್ರವಾರ ಸಂಜೆ ಆಟಕ್ಕೆ ಮುಂಚೆ ಜೆರ್ಸಿಯ ನಂಬರು ಕೂಗಿಯೇ ಹಾಜರಿ ತೆಗೆದುಕೊಳ್ಳುತ್ತಿದ್ದರು. ನಾನು ನಾಲ್ಕು. ಗೋಲು ಕಾಯುವ ಮಲಯಾಳಿ ನರ್ಸ್ ಒಂದು. ದೋಹಾದ ಟ್ರಾಫಿಕ್ಕಿನಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದ್ದು ಒಂದು ದಿನವೂ ಇಲ್ಲ. ಯಾರದಾದರೂ ನಂಬರಿಗೆ ಉತ್ತರ ಬರದಿದ್ದರೆ ಅವಳ ಗೆಳತಿ, "ದಾರಿಯಲ್ಲಿದ್ದಾಳೆ!" ಎಂದು ಕೂಗುತ್ತಿದ್ದಳು. ಈ ಊರಿನಲ್ಲಿ ದಾರಿಯಲ್ಲಿದ್ದೇನೆ ಎನ್ನುವವರಲ್ಲಿ ಅರ್ಧ ಜನ ಇನ್ನೂ ಬಚ್ಚಲುಮನೆಯಲ್ಲಿರುತ್ತಾರೆ. ಹತ್ತರವರೆಗೆ ಹೀಗೆ ಸಾಗಿ, "ಹನ್ನೊಂದು" ಎಂದಾಗ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ. ಕೋಚ್ ಒಂದೇ ಒಂದು ಚಪ್ಪಾಳೆ ತಟ್ಟುವರು, ನಾವೂ ತಟ್ಟುವೆವು. ಆಮೇಲೆ ಹನ್ನೆರಡು. ಅದು ಅವರ ದೇಶದ ಕಡೆಯ ಏನೋ ಕ್ರಮ ಇರಬೇಕೆಂದು ನಾವು ಬಹಳ ಕಾಲ ತಿಳಿದಿದ್ದೆವು.

ಜೆರ್ಸಿಗಳನ್ನು ತಂದವರೂ ಅವರೇ. ಹಳದಿ ಬಣ್ಣ, ಕಡುಹಸಿರು ಕಾಲರು, ಎದೆಯ ಮೇಲೆ ದೇವದಾರು ಮರದಂಥ ಒಂದು ಗುರುತು. ಯಾವುದೋ ಕ್ಲಬ್ಬಿನ ಹಳೆಯ ಮಾಲು, ಪುಕ್ಕಟೆ ಸಿಕ್ಕಿರಬೇಕು ಎಂದು ನಾವು ಆಡಿಕೊಂಡೆವು. ಪುಕ್ಕಟೆ ಸಿಕ್ಕಿದ್ದಕ್ಕೆ ಒಂದು ನಿಯಮ ಮಾತ್ರ ಇತ್ತು: ವಾರಕ್ಕೊಬ್ಬಳಂತೆ ಸರದಿಯಲ್ಲಿ ಇಡೀ ಚೀಲವನ್ನು ಮನೆಗೆ ಒಯ್ದು ತೊಳೆದು ತರಬೇಕು. ಯಾರೂ ತೊಡದ ಹನ್ನೊಂದನ್ನೂ ತೊಳೆಯಬೇಕು. ನನ್ನ ಮೊದಲ ಸರದಿಯಲ್ಲಿ, ಕೊಳೆಯಾಗದ ಬಟ್ಟೆಗೆ ಸೋಪು ಯಾಕೆ ದಂಡ ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿ ಮೊದಲಿನಿಂದಲೂ ಹಾಗೆ, ಹಿಡಿತವಿಲ್ಲ.

ಅವತ್ತು ಅಲ್ ಅಜೀಜಿಯಾದ ಶಾಲೆಯ ಮೈದಾನದಿಂದ ಅವರೇ ನನ್ನನ್ನು ಕಾರಿನಲ್ಲಿ ಮನೆಗೆ ಬಿಟ್ಟರು. ಅಲ್ ಮನ್ಸೂರಾದ ನಮ್ಮ ಬೀದಿಯಲ್ಲಿ ಪಾರ್ಕಿಂಗ್ ಸಿಕ್ಕುವುದು ಸುಲಭವಲ್ಲ. ಸುತ್ತುತ್ತಾ ಸುತ್ತುತ್ತಾ ಅವರು, ತಾವು ಒಂದು ಕಾಲದಲ್ಲಿ ಆಡಿದ್ದ, ಈ ಜೆರ್ಸಿಗಳ ಕ್ಲಬ್ಬಿನ ಕತೆ ಹೇಳಿದರು.

ಉತ್ತರದ ಕಾಡಿನ ನಡುವೆ ಕಾಗದದ ಕಾರ್ಖಾನೆಯ ಒಂದು ಸಣ್ಣ ಊರು. ಕಾರ್ಖಾನೆಯ, ಆಸ್ಪತ್ರೆಯ ಹೆಂಗಸರು ಸೇರಿ ಕಟ್ಟಿದ ತಂಡ ಅದು. ಗಂಡಸರಿಗೆ ಬೇಡವಾದ ಹೊತ್ತಿನಲ್ಲಿ ಮಾತ್ರ ಮೈದಾನ ಇವರ ಪಾಲಿಗೆ. ಹಾಗಿದ್ದೂ ಮೇಲೆ ಮೇಲೆ ಹತ್ತಿ, ಒಂದು ವರ್ಷ ದೇಶದ ದೊಡ್ಡ ತಂಡಗಳ ಸಾಲಿನಲ್ಲೇ ಆಡಿದರಂತೆ. ಊರಿಗೆ ಊರೇ ಮೈದಾನದ ಬೇಲಿಗೆ ಬಂದು ನಿಂತಿತ್ತಂತೆ, ಮೊದಲು ನಕ್ಕವರೂ ಸೇರಿ. ಎಡ ಅಂಚಿನಲ್ಲಿ ಓಡುತ್ತಿದ್ದ ಹುಡುಗಿಯದು ಹನ್ನೊಂದನೆಯ ನಂಬರು. ಅವಳ ಓಟ ನೋಡಲಿಕ್ಕೆಂದೇ ಜನ ಬರುತ್ತಿದ್ದರು ಎಂದು ಕೋಚ್ ಹೇಳಿದರು. ಒಂದು ಪಂದ್ಯ ಮುಗಿಸಿ ಕಾರಿನಲ್ಲಿ ಮರಳುವಾಗ ಕಾಡಿನ ರಸ್ತೆಗೆ ಎಲ್ಕ್ ಎಂಬ ದೊಡ್ಡ ಜಿಂಕೆ ಅಡ್ಡ ಬಂತು. ಕಾರು ಓಡಿಸುತ್ತಿದ್ದವಳು ಬದುಕಿದಳು. ಪಕ್ಕದ ಸೀಟಿನಲ್ಲಿದ್ದ ಹನ್ನೊಂದು ಬದುಕಲಿಲ್ಲ. ಓಡಿಸುತ್ತಿದ್ದವರು ಯಾರು ಎಂದು ನಾನು ಕೇಳಬೇಕಾಗಿ ಬರಲಿಲ್ಲ. ಅವರ ಕೈ ಸ್ಟಿಯರಿಂಗ್ ಹಿಡಿದಿದ್ದ ರೀತಿಯೇ ಹೇಳುತ್ತಿತ್ತು.

ಅಂದಿನಿಂದ ಆ ನಂಬರನ್ನು ಯಾರಿಗೂ ಕೊಡಲಿಲ್ಲ. ಕೂಗುವುದನ್ನು ಮಾತ್ರ ಬಿಡಲಿಲ್ಲ. ಆಮೇಲೆ ನಗರದ ಶ್ರೀಮಂತ ಕ್ಲಬ್ಬುಗಳು ಹೆಂಗಸರ ತಂಡ ಶುರುಮಾಡಿದವು; ಒಳ್ಳೆಯ ಆಟಗಾರ್ತಿಯರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಕಾರ್ಖಾನೆಯೂ ಮುಚ್ಚಿತು. ಕೊನೆಯ ವರ್ಷ ಉಳಿದವರು ಹತ್ತು ಜನ. ಹತ್ತೇ ಜನ ಆಡಿದರು, ಹನ್ನೊಂದನೆಯವಳು ಹಾಜರಿ ಕೂಗುವಾಗ ಮಾತ್ರ ಇದ್ದಳು. ಬಳಿಕ ಶಾಲೆಯ ಊಟದ ಹಾಲಿನಲ್ಲಿ ಕೂತು, ಕೈ ಎತ್ತಿ, ಕ್ಲಬ್ಬನ್ನು ಮುಚ್ಚಿದರು. ಪ್ರತಿ ವರ್ಷ ಬೇಸಗೆಯಲ್ಲಿ ಹಳಬರು ಆ ಮೈದಾನದಲ್ಲಿ ಸೇರುತ್ತಾರೆ. ಗೋಲಿನ ಕಂಬಕ್ಕೆ ಹನ್ನೊಂದನ್ನು ತೂಗುಹಾಕುತ್ತಾರೆ. ಅದನ್ನು ಕಾಯುವ ಹೊಣೆ ನಮ್ಮ ಕೋಚ್ ಅವರದು.

ಅವತ್ತಿನಿಂದ ಆ ಜೆರ್ಸಿಯನ್ನು ಬೇರೆಯಾಗಿಯೇ ತೊಳೆಯುತ್ತಿದ್ದೆ. ಬಾಲ್ಕನಿಯ ಹಗ್ಗದಲ್ಲಿ ನಂಬರಿನ ಪ್ರಕಾರವೇ ಒಣಹಾಕುತ್ತಿದ್ದೆ. ಧೂಳುಗಾಳಿ ಬೀಸಿದರೆ ಎಲ್ಲವೂ ಹಾರಾಡುತ್ತಿದ್ದವು, ಆದರೆ ನನ್ನ ಕಣ್ಣಿಗೆ ಹನ್ನೊಂದು ಮಾತ್ರ ತೋಳು ಬೀಸಿ ಓಡುತ್ತಿರುವಂತೆ ಕಾಣುತ್ತಿತ್ತು. ಹೆದರಿಕೆಯಾಗುತ್ತಿತ್ತು, ನಿಜ.

ಈ ವರ್ಷ ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಬಂದರು. ನಾವು ಅತ್ತೆಯನ್ನು ಮಾಮಿ ಎನ್ನುತ್ತೇವೆ. ಉಳ್ಳಾಲದ ಕಡೆಯವರು. ಸೊಸೆ ತಲೆಗೆ ಸ್ಕಾರ್ಫ್ ಬಿಗಿದು ಚೆಂಡು ಒದೆಯುವುದಕ್ಕೆ ಅವರ ಆಕ್ಷೇಪವಿರಲಿಲ್ಲ, ಒದ್ದೂ ಗೋಲು ಹೊಡೆಯದಿರುವುದಕ್ಕೆ ಇತ್ತು. ನನ್ನ ಸರದಿಯ ಶನಿವಾರ ಒಣಗಿದ್ದನ್ನು ಮಡಚುತ್ತಾ ಕೇಳಿದರು.

"ಇದೊಂದು ಯಾರದ್ದು? ಬೆವರಿನ ವಾಸನೆಯೇ ಇಲ್ಲ."

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಎಲ್ಕ್ ಎಂದರೆ ಅವರಿಗೆ ತಿಳಿಯಲಿಲ್ಲ. ಒಂಟೆಯಷ್ಟು ಎತ್ತರದ ಜಿಂಕೆ ಅಂದೆ. ಮಡಚುತ್ತಿದ್ದದ್ದನ್ನು ಅವರು ಕೆಳಗಿಟ್ಟರು.

"ಸತ್ತವರ ಬಟ್ಟೆ ಇಷ್ಟು ವರ್ಷ ಇಟ್ಟುಕೊಳ್ಳುವುದುಂಟಾ ಮಗಳೇ? ನಲವತ್ತು ದಿನದ ಒಳಗೆ ಯಾರಿಗಾದ್ರೂ ಕೊಟ್ಟುಬಿಡ್ಬೇಕು. ಹೀಗೆ ಹಿಡ್ಕೊಂಡು ಕೂತ್ರೆ ಆ ಹುಡುಗಿ ಹೋಗುವುದು ಹೇಗೆ?"

"ಅವರದ್ದು ಬೇರೆ ಕ್ರಮ ಮಾಮಿ. ನೀವು ಸುಮ್ಮನಿರಿ."

ಸುಮ್ಮನಿರಿ ಎಂದರೆ ಸುಮ್ಮನಿರುವವರಾಗಿದ್ದರೆ ಅವರು ನನ್ನ ಅತ್ತೆ ಹೇಗಾಗುತ್ತಿದ್ದರು? ಮರುದಿನ ನಾನು ಕ್ಲಿನಿಕ್ಕಿನ ಕೆಲಸಕ್ಕೆ ಹೋದ ಮೇಲೆ, ನಮ್ಮ ಕಟ್ಟಡದ ಮೆಟ್ಟಿಲು ಒರೆಸಲು ಬರುತ್ತಿದ್ದ ಕೀನ್ಯಾದ ಹುಡುಗಿಯನ್ನು ಒಳಗೆ ಕರೆದಿದ್ದಾರೆ. ಸತ್ತವಳೂ ಅದೇ ಪ್ರಾಯದವಳಿರಬೇಕು ಎಂಬುದು ಅವರ ಲೆಕ್ಕ. ನೆಲಕ್ಕೆ ಚಾಪೆ ಹಾಸಿ, ಅಕ್ಕಿರೊಟ್ಟಿ, ಕೋಳಿಸಾರು ಬಡಿಸಿ, ಹೊಟ್ಟೆತುಂಬ ಉಣ್ಣಿಸಿ, ಹನ್ನೊಂದನ್ನು ಅವಳ ಕೈಗಿಟ್ಟಿದ್ದಾರೆ. ಎದುರಿಗೇ ತೊಡಿಸಿಯೂ ನೋಡಿದ್ದಾರೆ. ಸಂಜೆ ನಾನು ಬಂದಾಗ ಬಹಳ ಹಗುರವಾಗಿ ಹೇಳಿದರು.

"ಹೇಳಿ ಮಾಡಿಸಿದ ಹಾಗೆ ಕೂತಿತು ನೋಡು. ಖಲಾಸ್, ಇನ್ನು ಅವಳು ಆರಾಮಾಗಿ ಹೋಗ್ಲಿ."

ನಾನು ಕೂಗಾಡಿದೆ. ನನ್ನ ಗಂಡ ಅತ್ತ ತಾಯಿಯನ್ನೂ ಇತ್ತ ನನ್ನನ್ನೂ ನೋಡಿ ಕಾರಿನ ಕೀಲಿ ಎತ್ತಿಕೊಂಡು ಹೊರಗೆ ನಡೆದರು. ಕೆಳಗೆ ಓಡಿ ನಾತೂರನ್ನು, ಎಂದರೆ ಕಟ್ಟಡದ ಕಾವಲಿನವನನ್ನು ಕೇಳಿದರೆ, ಆ ಹುಡುಗಿಗೆ ಇಲ್ಲಿ ಅದೇ ಕೊನೆಯ ದಿನವಾಗಿತ್ತಂತೆ. ಕಂಪನಿಯವರು ಬೇರೆ ಕಡೆ ಹಾಕಿದ್ದಾರೆ. ಎಲ್ಲಿಗೆ? "ಮಾಫಿ ಮಾಲೂಮ್," ಗೊತ್ತಿಲ್ಲ, ಎಂದು ಕೈ ತಿರುಗಿಸಿದ.

ಕೋಚ್ ಅವರಿಗೆ ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅವರನ್ನೇ ಮನೆಗೆ ಕರೆದೆ. ಅವರು ಸೋಫಾದ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನನ್ನ ಗಂಡನ ಕಾಂಟ್ರಾಕ್ಟ್ ಮುಗಿಯಿತು, ಜೂನ್‌ನಲ್ಲಿ ಹೊರಡುತ್ತೇವೆ, ಹಳಬರೆಲ್ಲ ಮೈದಾನದಲ್ಲಿ ಕಾಯುತ್ತಿರುತ್ತಾರೆ, ಹನ್ನೊಂದಿಲ್ಲದೆ ನಾನು ಹೇಗೆ ಹೋಗಲಿ?" ಎಂದರು. ಅಷ್ಟು ಹೇಳಿ ಮಾಮಿಯ ಕಡೆ ತಿರುಗಿ, ಯಾಕೆ ಕೊಟ್ಟಿರಿ ಎಂದು ಕೇಳಲು ನನಗೆ ಹೇಳಿದರು.

"ನೀನು ಹಿಡಿದುಕೊಂಡರೆ ಅವಳು ಹೋಗುವುದು ಹೇಗೆ ಅಂತ ಕೇಳು," ಎಂದರು ಮಾಮಿ.

ಈ ಮಾತನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕಾಯಿತು. ಕೋಚ್ ಬಾಲ್ಕನಿಯ ಹಗ್ಗದ ಕಡೆ ನೋಡಿದರು. ಆಮೇಲೆ, "ಅವಳು ಹೋಗುವುದು ನನಗೆ ಬೇಡ," ಎಂದರು. ಅದನ್ನು ನಾನು ಮಾಮಿಗೆ ಹೇಳಲಿಲ್ಲ. ಹೇಳದೆಯೂ ಅವರಿಗೆ ತಿಳಿಯಿತೆಂದು ಕಾಣುತ್ತದೆ, ಎದ್ದು ಚಹಾ ಮಾಡಲು ಹೋದರು.

ಹುಡುಕಾಟ ಶುರುವಾಯಿತು. ಇಡೀ ತಂಡ ಹುಡುಕಿತು. ಕ್ಲೀನಿಂಗ್ ಕಂಪನಿಯ ಆಫೀಸಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಆದರೆ ಜೆರ್ಸಿ ಅಲ್ಲಲ್ಲಿ ಕಾಣತೊಡಗಿತು. ಮೊದಲು ಕಂಡವಳು ಗೋಲ್‌ಕೀಪರ್ ನರ್ಸ್: ಅಲ್ ಮುಂತಜಾದ ಪಾರ್ಕಿನ ಬಳಿ, ಹಳದಿ ಅಂಗಿ, ಬೆನ್ನ ಮೇಲೆ ಹನ್ನೊಂದು. ಅವಳ ಕಾರು ಸಿಗ್ನಲ್ಲಿನಲ್ಲಿತ್ತು, ಇಳಿಯುವಂತಿರಲಿಲ್ಲ. ಇನ್ನೊಬ್ಬಳಿಗೆ ಅದು ಮನಿ ಎಕ್ಸ್‌ಚೇಂಜಿನ ಕ್ಯೂನಲ್ಲಿ ಕಂಡಿತು. ಹತ್ತಿರ ಹೋಗುವಷ್ಟರಲ್ಲಿ ಇರಲಿಲ್ಲ. ನಾನು ಮೆಟ್ರೋದಲ್ಲಿ ಕಂಡೆ. ನಾನು ಎಸ್ಕಲೇಟರಿನಲ್ಲಿ ಇಳಿಯುತ್ತಿದ್ದೆ, ಆ ಬೆನ್ನು ಪಕ್ಕದ ಎಸ್ಕಲೇಟರಿನಲ್ಲಿ ಮೇಲಕ್ಕೆ ಹೋಗುತ್ತಿತ್ತು. ಕೂಗೋಣವೆಂದರೆ ಏನೆಂದು ಕೂಗಲಿ? ಆ ಹುಡುಗಿಯ ಹೆಸರು ಮಾಮಿಗೂ ಗೊತ್ತಿರಲಿಲ್ಲ. "ಹನ್ನೊಂದು!" ಎಂದು ಕೂಗಿದೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು, ಆ ಬೆನ್ನು ತಿರುಗಲಿಲ್ಲ.

ಯಾರಿಗೂ ಮುಖ ಕಾಣಲಿಲ್ಲ. ಎಲ್ಲರಿಗೂ ಕಂಡದ್ದು ಬೆನ್ನು, ಆ ನಂಬರು, ಅವಸರದ ನಡಿಗೆ. ಅದು ಮೆಟ್ಟಿಲು ಒರೆಸುತ್ತಿದ್ದ ಹುಡುಗಿಯೇ ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಆದರೂ ಶುಕ್ರವಾರ ಮೈದಾನದ ಎಡ ಅಂಚಿನಲ್ಲಿ ಓಡಲು ಯಾರೂ ಮುಂದೆ ಬರಲಿಲ್ಲ. ಚೆಂಡು ಅತ್ತ ಹೋದರೆ ಹೋಗಲಿ ಎಂದು ಬಿಟ್ಟುಬಿಡುತ್ತಿದ್ದೆವು. ಮನೆಯಲ್ಲಿ ಮಾಮಿಗೆ ಹೇಳಿದರೆ ಅವರಿಗೂ ಸಮಾಧಾನವಿಲ್ಲ. ದಾರಿ ಬಿಡಿಸಿ ಕಳುಹಿಸಿದೆ ಎಂದುಕೊಂಡವಳು ಇದೇ ಊರಿನಲ್ಲಿ ತಿರುಗುತ್ತಿದ್ದಾಳಲ್ಲ ಎಂದು ನಮಾಜು ಮುಗಿಸಿದ ಮೇಲೂ ಚಾಪೆಯ ಮೇಲೆ ಕೂತೇ ಇರುತ್ತಿದ್ದರು.

ಕೋಚ್ ಅವರ ಕೊನೆಯ ಶುಕ್ರವಾರ ಬಂತು. ಎರಡು ದಿನ ಕಳೆದರೆ ವಿಮಾನ. ಅವರು ಬೇಗ ಬಂದು ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಬರುವಾಗ ಅವಳನ್ನು ನೋಡಿದೆ," ಎಂದರು.

"ಎಲ್ಲಿ? ನಿಲ್ಲಿಸಿದಿರಾ?"

ಬಸ್ ಸ್ಟಾಪಿನ ಹತ್ತಿರವಂತೆ. ಬಸ್ಸು ಹೊರಡುವುದರಲ್ಲಿತ್ತು, ಹಳದಿ ಅಂಗಿಯವಳು ಅದರ ಹಿಂದೆ ಓಡುತ್ತಿದ್ದಳು. ರಸ್ತೆ ಖಾಲಿಯಿತ್ತು. ಬ್ರೇಕ್ ಒತ್ತಿ ಇಳಿದಿದ್ದರೆ ಹಿಡಿಯಬಹುದಿತ್ತು.

"ಇಷ್ಟು ವರ್ಷ ಅದನ್ನು ಕಂಬದ ಮೇಲೆ, ಹಗ್ಗದ ಮೇಲೆ, ಚೀಲದೊಳಗೆ ನೋಡಿದ್ದೆ," ಎಂದರು. "ಇವತ್ತು ಓಡುವುದನ್ನು ನೋಡಿದೆ. ನಿಲ್ಲು ಎನ್ನಲು ನನಗೆ ಬಾಯಿ ಬರಲಿಲ್ಲ."

"ಬಸ್ಸು ಸಿಕ್ಕಿತಾ ಅವಳಿಗೆ?"

"ಸಿಕ್ಕಿತು," ಎಂದರು. ಅಳುತ್ತಿದ್ದರು. ನನಗೂ ಅಳು ಬಂತು. ಅಳು ಮುಗಿಸಿ ಅವರು ಎದ್ದು, ಹಾಜರಿಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

ಒಂದು. ಎರಡು. ಮೂರು ಬಂದಿರಲಿಲ್ಲ, ದಾರಿಯಲ್ಲಿದ್ದಳು. ಹತ್ತರವರೆಗೂ ಕೂಗಿ ಕೋಚ್ ಉಸಿರು ಎಳೆದುಕೊಂಡರು. "ಹನ್ನೊಂದು." ಚಪ್ಪಾಳೆಗೆಂದು ಎತ್ತಿದ ಅವರ ಕೈಗಳು ಹಾಗೇ ನಿಂತವು. ನಮ್ಮ ಕೈಗಳೂ ನಿಂತವು. ಆಗ ಸಾಲಿನ ತುದಿಯಿಂದ ನರ್ಸ್, ಯಾವಾಗಲೂ ಕೂಗುವ ದನಿಯಲ್ಲೇ ಕೂಗಿದಳು, "ದಾರಿಯಲ್ಲಿದ್ದಾಳೆ!"

ಯಾರೂ ನಗಲಿಲ್ಲ. ಕೋಚ್ ಗೇಟಿನ ಕಡೆ ನೋಡಿದರು. ನಾವೆಲ್ಲರೂ ನೋಡಿದೆವು. ಆಮೇಲೆ ಅವರು ಹನ್ನೆರಡು ಎಂದರು.

ಜೂನ್ ಕಳೆಯಿತು. ಅಲ್ಲಿಯ ಹಳಬರಿಗೆ ಅವರು ಏನು ಹೇಳಿದರೋ ಗೊತ್ತಿಲ್ಲ, ನಾನು ಕೇಳಿಲ್ಲ. ಈಗ ಹಾಜರಿ ಕೂಗುವುದು ನಾನು. ಹನ್ನೊಂದು ಎಂದು ಕೂಗಿದಾಗ ಯಾರಾದರೊಬ್ಬಳು ಉತ್ತರ ಕೊಡುತ್ತಾಳೆ, ನಾವು ಗೇಟಿನ ಕಡೆ ನೋಡುತ್ತೇವೆ. ನಿಜವಾಗಿಯೂ ಅವಳು ಒಳಗೆ ಬಂದುಬಿಟ್ಟರೆ ಏನು ಮಾಡುವುದೆಂದು ನನಗೆ ಪ್ರತಿ ವಾರವೂ ಭಯವಾಗುತ್ತದೆ.

ಹೋದ ವಾರ ಮತ್ತೆ ನನ್ನ ಸರದಿ. ಮಾಮಿಯ ವೀಸಾ ಮುಂದುವರಿದಿತ್ತು. ನಾನು ಕೆಲಸದಿಂದ ಬರುವಷ್ಟರಲ್ಲಿ ಅವರು ಜೆರ್ಸಿಗಳನ್ನು ತೊಳೆದು ಹಗ್ಗಕ್ಕೆ ಹಾಕಿದ್ದರು. ಒತ್ತೊತ್ತಾಗಿ ಹಾಕಿದ್ದರು, ಆದರೆ ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಒಂದು ಅಂಗಿಯಷ್ಟು ಹಗ್ಗ ಖಾಲಿ. ಎರಡು ಕ್ಲಿಪ್ಪುಗಳನ್ನೂ ಅಲ್ಲಿ ಸಿಕ್ಕಿಸಿಟ್ಟಿದ್ದರು.

"ಇದೆಂತ ಮಾಮಿ, ಇಲ್ಲಿ ಜಾಗ ಬಿಟ್ಟದ್ದು?"

ಅವರು ನನ್ನ ಮುಖ ನೋಡದೆ ಖಾಲಿ ಬಕೆಟ್ ಎತ್ತಿಕೊಂಡರು.

"ಓಡಿ ಓಡಿ ಬೆವರಿರ್ತಾಳಲ್ಲ," ಎಂದರು. "ಒಂದು ದಿನ ತೊಳೀಲಿಕ್ಕೆ ತರ್ಬಹುದು."