ಟೇಲರ್ ಅಕ್ಕನ ಡಚ್ ಪಾಠ

ಟೇಲರ್ ಅಕ್ಕನ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾಗಿತ್ತು. ಆ ಬೆರಳನ್ನು ಎದುರಿಗಿದ್ದ ಬಟ್ಟೆಯ ಮೇಲಿಟ್ಟು, ಡಚ್ ಭಾಷೆಯಲ್ಲಿ ಅದರ ಹೆಸರೇನೆಂದು ನನ್ನನ್ನು ಕೇಳುತ್ತಿದ್ದರು.

ಸಿಂಧನೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಬೆಲ್ಜಿಯಂನ ವೃದ್ಧಾಶ್ರಮದಲ್ಲಿ ಕೆಲಸ ಸಿಗಬೇಕಾದರೆ ಡಚ್ ಪರೀಕ್ಷೆ ಪಾಸಾಗಬೇಕಿತ್ತು. ಅಲ್ಲಿನ ಮುದುಕರಿಗೆ ಬಟ್ಟೆ ತೊಡಿಸುವಾಗ ಅಂಗಿ ಯಾವುದು, ಕೋಟು ಯಾವುದು ಎಂದು ಹೇಳಲು ಬರಬೇಕಲ್ಲ. ಮೊದಲ ಸಲ ಫೇಲಾದೆ. ಡ್ಯೂಟಿ ಮುಗಿಸಿ ಕಾಲೆಳೆಯುತ್ತ ರೂಮಿಗೆ ಹೋಗುವ ದಾರಿಯಲ್ಲೇ ಅಕ್ಕನ ಅಂಗಡಿ. ಪಕ್ಕದ ರೈಸ್ ಮಿಲ್ಲಿನ ತೌಡಿನ ಧೂಳು ಹೊಲಿದ ಬಟ್ಟೆಗಳ ಮೇಲೆಲ್ಲ ಕೂತಿರುತ್ತಿತ್ತು. ಅದನ್ನು ಕೊಡವುತ್ತಲೇ ಅವರು ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದರು. ಸ್ವತಃ ಮಸ್ಕಿಯಲ್ಲಿ ಐದನೆಯ ತರಗತಿಗೇ ಶಾಲೆ ಬಿಟ್ಟವರು.

ಡಚ್‌ನಲ್ಲಿ ಕೆಲವು ಬಟ್ಟೆಗಳು 'ದೆ' ಗುಂಪಿನವು, ಕೆಲವು 'ಹೆಟ್' ಗುಂಪಿನವು. ಲಂಗ ಮೊದಲನೆಯದಕ್ಕೆ ಸೇರಿದ್ದು. ಹಾಗಾಗಿ ಒಂದು ಬಿಳಿ ಲಂಗ 'ಎನ್ ವಿಟ್ಟೆ ರೊಕ್'. ಅಂಗಿ ಎರಡನೆಯದಕ್ಕೆ, ಆದ್ದರಿಂದ ಒಂದು ಬಿಳಿ ಅಂಗಿ 'ಎನ್ ವಿಟ್ ಹೆಮ್ಟ್'. ಬಿಳಿ ಎಂಬ ಪದದ ಕೊನೆಯ 'ಎ' ಅಂಗಿಗೆ ಬಂದಾಗ ಬಿದ್ದುಹೋಗುತ್ತದೆ; ನಾನು ಇಲ್ಲೇ ತಪ್ಪುತ್ತಿದ್ದೆ. ಲಂಗಕ್ಕೆ ರೊಕ್ ಅನ್ನುತ್ತಾರೆಂದು ಕೇಳಿ ಅಕ್ಕ ಬಹಳ ಹೊತ್ತು ನಕ್ಕಿದ್ದರು; ಹಾಗಾದರೆ ರೊಕ್ಕಕ್ಕೆ ಏನನ್ನುತ್ತಾರೆಂದು ವಿಚಾರಿಸಿದ್ದರು. ಆಮೇಲೆ ನಿಯಮವನ್ನು ತಮ್ಮದೇ ರೀತಿಯಲ್ಲಿ ಹೇಳಿಕೊಟ್ಟರು: "ಲಂಗಕ್ಕ ಬಣ್ಣದ ಬಾಲ ಬಿಡು. ಅಂಗಿಗೆ ಕತ್ತರಿಸು. ಇಷ್ಟ ಅದ."

ಒಂದು ಸಂಜೆ ಪುಸ್ತಕವನ್ನು ಅವರ ಮೇಜಿನ ಮೇಲೆ ಹಾಕಿ, ಸುಸ್ತಾಗಿದೆ, ಇನ್ನು ನನ್ನಿಂದಾಗದು ಎಂದೆ. ಅವರು ಮಿಷನ್ ನಿಲ್ಲಿಸಲಿಲ್ಲ.

"ಸುಸ್ತು ನನಗೂ ಆಗ್ಯಾದ. ಕುಂತು ಹೇಳ್ಬೇ," ಎಂದರಷ್ಟೆ.

ಕುಳಿತು ಹೇಳಿದೆ.

ಕಳೆದ ವರ್ಷ ಅಕ್ಕ ಹೊಟ್ಟೆನೋವೆಂದು ನಮ್ಮ ಆಸ್ಪತ್ರೆಗೇ ಬಂದರು. ಹೊಟ್ಟೆಯಲ್ಲಿ ಗಡ್ಡೆ ಇತ್ತು. ಆಪರೇಷನ್ನಿನ ದಿನ ಅವರಿಗೆ ಹಸಿರು ಗೌನು ತೊಡಿಸಿದವಳು ನಾನೇ. ಬೆನ್ನಿನ ಲಾಡಿ ಕಟ್ಟುವಾಗ, ಇದನ್ನು ಹೊಲಿದವರಿಗೆ ಹೊಲಿಗೆ ಬರುವುದಿಲ್ಲವೆಂದು ಗೊಣಗಿದರು. ಆಮೇಲೆ ಗೌನಿನ ಮೇಲೆ ಬೆರಳಿಟ್ಟು ಕೇಳಿದರು, "ಇದಕ್ಕ ಅವರ ಭಾಷಾದಾಗ ಏನಂತಾರ?"

ನನಗೆ ಗೊತ್ತಿರಲಿಲ್ಲ. ಅವರು ಹೆದರಿದ್ದರು, ನನ್ನ ಮಣಿಕಟ್ಟು ಹಿಡಿದುಕೊಂಡಿದ್ದರು. ಬಾಯಿಗೆ ಬಂದ ಯಾವುದೋ ಪದ ಹೇಳಿಬಿಟ್ಟೆ. ಆಪರೇಷನ್ ಕೋಣೆಯ ಬಾಗಿಲವರೆಗೂ ಅದನ್ನೇ ಬಾಯಿಪಾಠ ಮಾಡುತ್ತ ಹೋದರು. ಮತ್ತೆ ಎಚ್ಚರಾಗಲೇ ಇಲ್ಲ.

ಎರಡನೇ ಸಲ ನಾನು ಪಾಸಾದೆ. ವೀಸಾ ಬರುವ ತನಕ ಅದೇ ವಾರ್ಡಿನಲ್ಲಿ ಅಂಥವೇ ಗೌನುಗಳನ್ನು ತೊಡಿಸುತ್ತಿದ್ದೇನೆ. ಸರಿಯಾದ ಪದ ಈಗ ಗೊತ್ತು. ಅವತ್ತು ಹೇಳಿದ್ದು ಸುಳ್ಳೆಂದು ಅಕ್ಕನಿಗೆ ಹೇಳುವುದು ಮಾತ್ರ ಹಾಗೇ ಉಳಿದುಹೋಯಿತು.