ಹ್ಯಾಸ್ಲೋ ಹಸಿರು

ಹ್ಯಾಸ್ಲೋದಲ್ಲಿ ಮನೆಗಳು ಒಂದೆಡೆ ಇಲ್ಲ. ಗಿರಣಿಯ ಹತ್ತಿರ ಮೂರು, ಚರ್ಚಿನ ಹಿಂದೆ ಐದು, ಉಳಿದವು ಹೊಲದ ಅಂಚಿಗೆ ಒಂದೊಂದು. ಇನ್ನೂರು ವರ್ಷದ ಹಿಂದೆ ಅಲ್ಲಿನ ಒಬ್ಬ ದೊರೆಗೆ ತನ್ನ ದೊಡ್ಡ ಮನೆಯ ಕಿಟಕಿಯಿಂದ ಬಡವರ ಹೊಗೆಗೂಡು ಕಂಡರೆ ಊಟ ಸೇರುತ್ತಿರಲಿಲ್ಲವಂತೆ. ಊರನ್ನೇ ಕಿತ್ತು ಚೆಲ್ಲಿಸಿದ. ಚೆಲ್ಲಿದ್ದು ಯಾರ ಸ್ವತ್ತೆಂದು ಜನ ಮರೆಯಬಾರದಲ್ಲ, ಎಲ್ಲ ಬಾಗಿಲಿಗೂ ಒಂದೇ ಬಣ್ಣ ಬಳಿಸಿದ. ಕಾಗದಪತ್ರಗಳಲ್ಲಿ ಅದರ ಹೆಸರು ಹ್ಯಾಸ್ಲೋ ಹಸಿರು. ಎಳೆ ಹುಲ್ಲು ತಿಂದು ಹೊಟ್ಟೆ ಕೆಟ್ಟ ದನದ ಸಗಣಿ ನೋಡಿದವರಿಗೆ ಅದನ್ನು ಬೇರೆ ವಿವರಿಸಬೇಕಾಗಿಲ್ಲ.

ದೊಡ್ಡ ಮನೆಯ ಪೇಂಟರ್ ಸಿರಿಲ್ ಪೆಗ್ ಮೂವತ್ತೆಂಟು ವರ್ಷ ಬಳಿದದ್ದು ಅದನ್ನೇ. ಕೊನೆಯ ಬಾಗಿಲು ಮುಗಿಯುವಷ್ಟರಲ್ಲಿ ಮೊದಲನೆಯದು ಸಿಪ್ಪೆ ಏಳುತ್ತಿತ್ತು. ಉಗುರಿನ ಸಂದಿಯಲ್ಲಿ ಹಸಿರು, ಕಿವಿಯ ಹಿಂದೆ ಹಸಿರು. ಹೆಂಡತಿ ಎನಿಡ್ ಬಟಾಣಿ ಬೇಯಿಸಿ ತಟ್ಟೆಗೆ ಹಾಕಿದರೆ ತಟ್ಟೆಯನ್ನೇ ಆಚೆ ತಳ್ಳುತ್ತಿದ್ದ.

ಆದರೆ ಕೈ ಮಾತ್ರ ಬಂಗಾರ. ಕುಂಚದ ಒಂದು ಗೆರೆಯೂ ಕಾಣುತ್ತಿರಲಿಲ್ಲ. ವಿಧವೆ ಟ್ಯಾಪ್ಲಿನ್ ತನ್ನ ಬಾಗಿಲಿಗೆ ಕೆಂಪು ಬಳಿದುಕೊಂಡಾಗ, ದೊಡ್ಡ ಮನೆಯ ಆಡಳಿತ ನೋಡುವ ಮೇಜರ್ ಸ್ಟ್ರಕ್ ಮತ್ತೆ ಹಸಿರು ಬಳಿಯಲು ಕಳಿಸಿದ್ದು ಅವನನ್ನೇ. ಮುದುಕಿ ಪಕ್ಕದಲ್ಲಿ ನಿಂತು, ಅವನಿಗೆ ಒಂದು ತೊಟ್ಟೂ ಕೊಡದೆ ಚಹಾವನ್ನೆಲ್ಲ ತಾನೇ ಕುಡಿದಳು.

"ನಿನ್ ಕೈಗೆ ಹುಳ ಬೀಳ್ಲಿ ಸಿರಿಲ್."

"ನಾನೇನ್ ಮಾಡ್ಲಿ? ಹೇಳಿದ್ ಕೆಲ್ಸ," ಎಂದ ಸಿರಿಲ್. ಹೊಟ್ಟೆಪಾಡು ಅಂದುಬಿಟ್ಟರೆ ಎಂಥ ಹೇಸಿಗೆಗೂ ಮುಚ್ಚಳ ಸಿಗುತ್ತದೆ.

ಅರವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಎನಿಡ್‌ಳ ಎದೆ ಕೆಟ್ಟಿತು. ಚಳಿಗಾಲ ದಾಟುವುದಿಲ್ಲ ಎಂದರು ಡಾಕ್ಟರು. ಮಧ್ಯಾಹ್ನದ ಬಿಸಿಲಿಗೆ ಸಿರಿಲ್ ಅವಳನ್ನು ಗೇಟಿನ ಬಳಿ ಕುರ್ಚಿಯಲ್ಲಿ, ಮನೆಯ ಕಡೆ ಮುಖ ಮಾಡಿ ಕೂರಿಸುತ್ತಿದ್ದ.

"ಸಾಯೋವರ್ಗೂ ಈ ಸಗಣೀನೇ ನೋಡ್ಬೇಕಾ?" ಎಂದಳು ಒಂದು ದಿನ. "ಒಂದ್ಸಲ ಹಳದಿ ಬಳಿ. ಬೆಣ್ಣೆ ಥರ."

"ಮನೆ ಬಿಡಿಸ್ತಾರೆ ಕಣೇ."

"ಅಷ್ಟೊತ್ಗೆ ನಾನೇ ಬಿಟ್ಟಿರ್ತೀನಿ ಬಿಡು."

ಅವನು ಬಸ್ಸಿನಲ್ಲಿ ಪೇಟೆಗೆ ಹೋಗಿ ಡಬ್ಬಿ ತಂದು ಭಾನುವಾರ ಹಳದಿ ಬಳಿದ. ಒಂಬತ್ತು ದಿನ ಎನಿಡ್ ಊಟ ಕೇಳಿ ಹಾಕಿಸಿಕೊಂಡು ತಿಂದಳು. ಹೊಲ ದಾಟಿ ಬಂದು ನೋಡಿದವರೂ ಇದ್ದರು. ಹತ್ತನೆಯ ದಿನ ಮೇಜರ್ ಬಂದ. ಕಾರಿನಿಂದ ಇಳಿಯಲೂ ಇಲ್ಲ.

"ಏನಯ್ಯಾ ಪೆಗ್, ಏನದು?"

"ಹೆಂಡ್ತಿ ಆಸೆ, ಮೇಜರ್ ಸಾಹೇಬ್ರೆ. ಚಳಿಗಾಲದ ತನಕ ಅಷ್ಟೆ. ಆಮೇಲೆ ನಾನೇ ಬಳೀತೀನಿ."

"ಪಾಪ. ದೊರೆಸಾನಿಯವ್ರಿಗೆ ಹೇಳಿ ಸೂಪ್ ಕಳಿಸ್ತೀನಿ. ಶನಿವಾರ ದೊಡ್ಡ ಮನೆ ನೋಡೋಕೆ ಜನ ಬರ್ತಾರೆ, ಅಷ್ಟರೊಳಗೆ ಬಾಗಿಲು ಸರಿ ಇರ್ಲಿ. ಇಲ್ದಿದ್ರೆ ಮನೆ ಖಾಲಿ ಮಾಡು."

ಸೂಪ್ ಬಂತು. ಮೇಲೆ ಕುರಿಯ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಸಿರಿಲ್ ಅದನ್ನು ಗೊಬ್ಬರದ ಗುಂಡಿಗೆ ಸುರಿದ. ಪೌರುಷವೆಲ್ಲ ಅಲ್ಲಿಗೇ ಮುಗಿಯಿತು.

"ಬೇಕಾದ್ರೆ ಬೇರೆ ಯಾರ್ನಾದ್ರೂ ಕಳಿಸ್ಲಿ. ನೀನು ಮುಟ್ಬೇಡ," ಎಂದಳು ಎನಿಡ್.

"ಬೀದೀಗ್ ಹಾಕಿದ್ರೆ ನಿನ್ನ ಎಲ್ಲಿಗ್ ಹೊತ್ಕೊಂಡ್ ಹೋಗ್ಲಿ?"

ಶುಕ್ರವಾರ ಅವಳು ಮಲಗಿದ್ದಾಗ ಅವನು ಹಳದಿಯನ್ನು ಉಜ್ಜಿ, ಹಸಿರು ಬಳಿದ. ಅದು ಒಣಗುತ್ತಲೇ ಇನ್ನೊಂದು ಕೈ. ಒಂದು ಮೂಲೆಯಲ್ಲಾದರೂ ಹಳದಿ ಇಣುಕುವಂತೆ ಬಿಡಬಹುದಿತ್ತು. ಯಾವ ಮೇಜರನೂ ಬಗ್ಗಿ ನೋಡುತ್ತಿರಲಿಲ್ಲ. ಕೀಲಿನ ಸಂದಿಗೂ ಸಣ್ಣ ಕುಂಚ ಹಾಕಿ ಮುಚ್ಚಿದ. ಮುಗಿಸಿ ಎರಡು ಹೆಜ್ಜೆ ಹಿಂದೆ ಸರಿದು, ಕೆಲಸ ಚೆನ್ನಾಗಿ ಬಂದಿದೆ ಅಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಹಿತ್ತಲ ಬಾಗಿಲಿಂದ ಅವಳನ್ನು ಕರೆತಂದು ಗೇಟಿನ ಬಳಿ ಕೂರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಎಲ್ಲೂ ಒಂಚೂರೂ ಬಿಟ್ಟಿಲ್ಲ ನೀನು," ಎಂದಳು. ಆಮೇಲೆ, "ಕುರ್ಚಿ ತಿರುಗ್ಸು."

ಅವನು ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿದ. ಅಕ್ಟೋಬರಿನಲ್ಲಿ ತೀರಿಕೊಳ್ಳುವವರೆಗೂ ಎನಿಡ್ ಬಿಸಿಲಿದ್ದ ದಿನವೆಲ್ಲ ಹಾಗೇ ಕೂತಳು. ಸಿರಿಲ್ ಹೊಸಿಲ ಮೇಲೆ ನಿಂತು ಅವಳ ಬೆನ್ನು ನೋಡುತ್ತಿದ್ದ.