ಗೇಟಿನ ಕಾಕಾ ಅಳೆದ ನೀರು

ಕಳೆದ ವಾರ ಹುಣಸಗಿ ದಾರಿಯಲ್ಲಿ ಬಸ್ಸು ನಿಂತಾಗ ಕಾಲುವೆಯ ಗೇಟಿಗೆ ಯಾರೋ ಕೆಂಪು ಬಣ್ಣ ಬಳಿಯುತ್ತಿದ್ದರು. ಬಣ್ಣ, ಗ್ರೀಸು ಬೆರೆತ ಆ ವಾಸನೆಗೆ ನಮ್ಮ ಪಕ್ಕದ ಮನೆಯ ಗೇಟಿನ ಕಾಕಾ ನೆನಪಾದರು...

ಗೇಟು ಏರಿಸಿ ಇಳಿಸುವುದು ಅವರ ಕೆಲಸ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅಳತೆಪಟ್ಟಿ ನೋಡಿ ನೀರಿನ ಮಟ್ಟವನ್ನು ಕಚೇರಿಯ ರಿಜಿಸ್ಟರಿನ ಜೊತೆಗೆ ತಮ್ಮ ನೋಟುಪುಸ್ತಕದಲ್ಲೂ ಬರೆದಿಡುತ್ತಿದ್ದರು. ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದೆ. ಡೈರಿ ಬರೆಯುವ ನನಗೆ ಆ ಪುಸ್ತಕವೆಂದರೆ ಗೌರವ. ಒಂದು ದಿನ ಅದರ ಹಿಂದಿನ ಪುಟಗಳಲ್ಲಿ ಬೇರೆ ಲೆಕ್ಕ ಕಂಡೆ: 'ಒಳಗ', 'ಹೊರಗ'. ಕುಡಿದ ನೀರು, ಹೋದ ಮೂತ್ರ. ಹಳೆಯ ಸಕ್ಕರೆ ಕಾಯಿಲೆಯ ಕಾಕಾ, ಕಾಲು ಊದಿ ಚಪ್ಪಲಿ ಬಿಗಿಯಾದ ದಿನದಿಂದ ಯಾರೂ ಹೇಳದೆಯೇ ಅಳೆಯತೊಡಗಿದ್ದರು.

"ಮ್ಯಾಲ ಬಿಟ್ಟ ನೀರು ಕೆಳಗ ಮುಟ್ಟಲಿಲ್ಲಂದ್ರ ನಡುವ ಎಲ್ಲೋ ನಿಂತದ, ತಂಗಿ," ಎಂದು ಕಾಲಿಗೆ ಬೆರಳು ಒತ್ತಿ ತೋರಿಸಿದರು. ಕುಳಿ ಹಾಗೇ ಉಳಿಯಿತು, ಹಸಿ ಒಡ್ಡಿನಲ್ಲಿ ಉಳಿದಂತೆ.

ಎಂಟು ದಿನದ ಲೆಕ್ಕ ಹಿಡಿದು ಶಹಾಪುರದ ಡಾಕ್ಟರ ಬಳಿ ಹೋದರು. ಪರೀಕ್ಷೆಯೂ ಅದನ್ನೇ ಹೇಳಿತು: ಮೂತ್ರಪಿಂಡ ಕೆಟ್ಟಿದೆ. ಗಾಳಿ ಕಬ್ಬಿಣವನ್ನು ತಿಂದು ತುಕ್ಕು ಮಾಡುವಂತೆ, ರಕ್ತದಲ್ಲಿ ಹೆಚ್ಚಾದ ಸಕ್ಕರೆಯಿಂದ ಒಳಗಿನ ಸಣ್ಣ ಜರಡಿಗಳೂ ಸವೆಯುತ್ತವೆ ಎಂದರಂತೆ ಡಾಕ್ಟರು.

"ಈ ಗೇಟಿಗಿ ಒಮ್ಮಿನೂ ಜಂಗ್ ಹಿಡಿಲಾಕ ಬಿಟ್ಟಿಲ್ಲ. ಒಳಗಿನ ಗೇಟಿಗಿ ಎಲ್ಲಿಂದ ಬಣ್ಣ ಹಚ್ಚಲಿ?" ಕಾಕಾ ನಕ್ಕರು.

"ಸಕ್ಕರಿ ಚಾ ಬಿಡ್ರಿ ಅಂದ್ರ ಕೇಳಿದ್ರೇನು?" ಒಳಗಿನಿಂದ ಕಾಕಿಯ ದನಿ.

ಡಾಕ್ಟರು ಹೇಳಿದಂತೆ ಅಂದಿನಿಂದ ಕಾಕಾಗೆ ದಿನಕ್ಕೆ ಒಂದೇ ಲೀಟರು ನೀರು. ಮಾರ್ಚ್ ಕೊನೆಯ ಬಿಸಿಲಲ್ಲಿ ಅವರಿಗೆ ಊಟದ ಡಬ್ಬಿ ಒಯ್ದಿದ್ದೆ. ಕಾಲುವೆಯ ಕೊನೆಯ ಹೊಲಕ್ಕೆ ಅಂದು ಬೆಳಿಗ್ಗೆ ನೀರು ಮುಟ್ಟಿತ್ತು. ಆ ಹೊಲದವನು ಖುಷಿಯಿಂದ ಮಜ್ಜಿಗೆಯ ಚೊಂಬು ತಂದಿದ್ದ.

"ಊರಿಗೆಲ್ಲ ನೀರ ಬಿಡ್ತಿ, ನೀ ಕುಡಿ ಅಂದ್ರ ಒಲ್ಲೆ ಅಂತಿ. ಎಂಥಾಂವೋ ಮಾರಾಯಾ ನೀ!"

ಅವನ ಮನಸ್ಸು ನೋಯಬಾರದೆಂದು ಕಾಕಾ ಒಂದು ಗುಟುಕು ತೆಗೆದುಕೊಂಡರು. ಕಣ್ಣು ಮುಚ್ಚಿ ಬಾಯಲ್ಲೇ ಹಿಡಿದರು... ನಂತರ ಬದುವಿನ ಮೇಲೆ ಉಗುಳಿದರು.

"ಇವತ್ತಿಂದು ನನ್ನ ಪಾಲು ಮುಗದದ."

ಆಗ ಮಧ್ಯಾಹ್ನ ಎರಡು ಗಂಟೆ. ಅವರ ಬೆನ್ನ ಹಿಂದೆ ಕಾಲುವೆ ತುಂಬಿ ಹರಿಯುತ್ತಿತ್ತು. ನನ್ನ ಡೈರಿಯಲ್ಲಿ ಆ ದಿನಕ್ಕೆ ಇಷ್ಟೇ ಇದೆ: 'ಕಾಕಾ ಉಗುಳಿದರು.' ಮುಂದೆ ಏನು ಬರೆಯಬೇಕೋ ತಿಳಿದಿರಲಿಲ್ಲ.

ಆಮೇಲೆ ಎರಡು ಬೇಸಿಗೆ ಬದುಕಿದರು. ತೀರಿಕೊಂಡ ಮೇಲೆ ಕಾಕಿ ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಕೊನೆಯ ಸಾಲಿನಲ್ಲಿ 'ಒಳಗ' ಎರಡು ಗ್ಲಾಸು. 'ಹೊರಗ' ಎಂಬಲ್ಲಿ ಖಾಲಿ ಬಿಟ್ಟಿರಲಿಲ್ಲ. ದುಂಡಗೆ ಸೊನ್ನೆ ಬರೆದಿದ್ದರು.

ಬಸ್ಸು ಹೊರಡುವ ಮುಂಚೆ ಆ ಗೇಟಿನ ಅಳತೆಪಟ್ಟಿ ನೋಡಿ ನೀರಿನ ಮಟ್ಟ ಬರೆದುಕೊಂಡೆ. ಸರಿಯೋ ತಪ್ಪೋ ಹೇಳಲು ಅವರಿರಲಿಲ್ಲ.